ಮೀನು ಹಿಡಿಯುವವರ ಮುಖಕ್ಕೂ ಬೆಳಕು ಬೀಳಲಿ

ಹಿಡಕಲ್ ಜಲಾಶಯಕ್ಕೆ ಕ್ಯಾಮೆರಾ ಹಿಡಿದು ಬರುವ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಛಾಯಾಗ್ರಾಹಕರಿಗೆ ಒಂದು ಬಹಿರಂಗ ಪತ್ರ

ಆತ್ಮೀಯ ಮಿತ್ರರೇ,

ಮೀನುಗಾರಿಕೆಯ ಕುರಿತ ಪತ್ರಿಕೆ, ಕೈಪಿಡಿ, ಕ್ಯಾಲೆಂಡರ್ ಯಾವುದನ್ನೇ ತೆಗೆದುಕೊಳ್ಳಿ, ಮುಖಪುಟದಲ್ಲಿ ಎರಡು ಬಗೆಯ ಚಿತ್ರಗಳು ತಿರುತಿರುಗಿ ಕಾಣಿಸಿಕೊಳ್ಳುತ್ತವೆ. ಒಂದರಲ್ಲಿ ಮುಳುಗುವ ಸೂರ್ಯನ ಮುಂದೆ ಬೀಸುಬಲೆ ಎಸೆಯುತ್ತಿರುವ ಕಪ್ಪು ಆಕೃತಿ ಇರುತ್ತದೆ. ಇನ್ನೊಂದರಲ್ಲಿ ಯಾರೋ ಒಬ್ಬರು ದೊಡ್ಡ ಮೀನನ್ನು ಎರಡೂ ಕೈಯಲ್ಲಿ ಕ್ಯಾಮೆರಾದ ಕಡೆಗೆ ಚಾಚಿ ನಗುತ್ತಿರುತ್ತಾರೆ. ಮೊದಲನೆಯದರಲ್ಲಿ ಮನುಷ್ಯನಿಗೆ ಮುಖವಿಲ್ಲ, ಎರಡನೆಯದರಲ್ಲಿ ಮೀನಿಗೆ ಊರಿಲ್ಲ. ಮುಖಪುಟಕ್ಕೆ ಹೊರಾಂಗಣ ಚಿತ್ರ ತೆಗೆಯಲು ನೀವು ಹಿಡಕಲ್‌ಗೆ ಬರುವಾಗ ಈ ಎರಡನ್ನೂ ಬಿಟ್ಟು ಬನ್ನಿ ಎಂದು ಕೇಳಿಕೊಳ್ಳಲು ಈ ಪತ್ರ. ಕೆಲಸದಲ್ಲಿರುವ ಮೀನುಗಾರರ ಮುಖ ಸ್ಪಷ್ಟವಾಗಿ ಕಾಣುವ, ಅವರ ಬಲೆ, ಹರಿಗೋಲು, ನೀರು ತಮ್ಮ ಜಾಗದಲ್ಲೇ ಇರುವ ಚಿತ್ರವೇ ಒಳ್ಳೆಯ ಮುಖಪುಟ ಎಂಬುದು ನನ್ನ ವಾದ. ಇದನ್ನು ಬರೀ ಕನಿಕರದಿಂದ ಹೇಳುತ್ತಿಲ್ಲ. ಆ ಜನರಿಗೆ ಯಾವುದು ನ್ಯಾಯವೋ ಅದೇ ತಾಂತ್ರಿಕವಾಗಿಯೂ ಉತ್ತಮ ಚಿತ್ರವಾಗುತ್ತದೆ ಎಂದು ಒಂದೊಂದಾಗಿ ತೋರಿಸಲು ಪ್ರಯತ್ನಿಸುತ್ತೇನೆ.

ಘಟಪ್ರಭೆಗೆ ಅಡ್ಡಲಾಗಿ ಹಿಡಕಲ್‌ನಲ್ಲಿ ಕಟ್ಟಿದ ರಾಜಾ ಲಖಮಗೌಡ ಅಣೆಕಟ್ಟೆ 1977ರಲ್ಲಿ ಪೂರ್ಣಗೊಂಡಿತು. 2175 ಅಡಿ ಇದರ ಗರಿಷ್ಠ ಮಟ್ಟ, ಸಂಗ್ರಹ 51 ಟಿಎಂಸಿ ಅಡಿ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹೊಲಗಳಿಗೆ ನೀರುಣಿಸುವ ಈ ಜಲಾಶಯದ ಚಿತ್ರಗಳಿಗೇನೂ ಕೊರತೆಯಿಲ್ಲ. ಮಳೆಗಾಲದಲ್ಲಿ ಗೇಟು ತೆರೆದಾಗ ಧುಮ್ಮಿಕ್ಕುವ ನೀರು, ಕೆಳಗೆ ಗೋಕಾಕದಲ್ಲಿ 52 ಮೀಟರ್ ಎತ್ತರದಿಂದ ಬೀಳುವ ಜಲಪಾತ, ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮೇಲೆದ್ದು ಕಾಣುವ ಹಳೆಯ ಹುನ್ನೂರಿನ ವಿಠ್ಠಲ ಗುಡಿ, ಇವೆಲ್ಲವನ್ನೂ ನೀವು ನೂರು ಕೋನಗಳಿಂದ ತೆಗೆದಿದ್ದೀರಿ. ಈಚೆಗೆ ಲಗ್ನಕ್ಕೆ ಮುಂಚಿನ ಜೋಡಿ ಚಿತ್ರಗಳಿಗೂ ಹಿನ್ನೀರಿನ ದಂಡೆಯೇ ಬೇಕು. ಆದರೆ ಇದೇ ನೀರಿನ ಮೇಲೆ ದಿನವೂ ದುಡಿಯುವ ಅಂಬಿಗರು, ಬೆಸ್ತರು, ಭೋಯಿಗಳು ಈ ಚಿತ್ರರಾಶಿಯಲ್ಲಿ ಬಂದರೂ ದೂರದ ಒಂದು ಚುಕ್ಕೆಯಾಗಿ ಬರುತ್ತಾರೆ, ನಿಸರ್ಗದ ಅಲಂಕಾರವಾಗಿ ಬರುತ್ತಾರೆ. ಹನ್ನೆರಡನೇ ಶತಮಾನದಲ್ಲಿ ದೋಣಿ ನಡೆಸುತ್ತಿದ್ದ ವಚನಕಾರರೊಬ್ಬರು ತಮ್ಮ ಕಸುಬನ್ನೂ ಹೆಸರನ್ನೂ ಸೇರಿಸಿ ‘ಅಂಬಿಗರ ಚೌಡಯ್ಯ’ ಎಂದೇ ಪ್ರತಿ ವಚನಕ್ಕೆ ಅಂಕಿತ ಹಾಕಿದರು. ದೋಣಿಯವನಿಗೆ ಇಷ್ಟು ಹಿಂದೆಯೇ ಸಾಹಿತ್ಯದಲ್ಲಿ ಹೆಸರು ದಕ್ಕಿದ ನಾಡಿನಲ್ಲಿ, ಇಂದಿನ ಚಿತ್ರಗಳಲ್ಲಿ ಅವನಿಗೆ ಮುಖವೂ ದಕ್ಕದಿರುವುದನ್ನು ಸಣ್ಣ ಲೋಪ ಎನ್ನಲಾಗದು.

ಮೊದಲು ಸಂಜೆಯ ಕಪ್ಪು ಆಕೃತಿಯನ್ನೇ ತೆಗೆದುಕೊಳ್ಳೋಣ. ದೊಡ್ಡ ಜಲಾಶಯಗಳಲ್ಲಿ ಹೆಚ್ಚಿನ ಮೀನು ಸಿಗುವುದು ಬೀಸುಬಲೆಯಿಂದಲ್ಲ, ನೀರಿನಲ್ಲಿ ಗೋಡೆಯಂತೆ ಇಳಿಬಿಡುವ ಬಲೆಯಿಂದ. ಬೀಸುಬಲೆ ದಂಡೆಯ ಹತ್ತಿರ, ಆಳವಿಲ್ಲದ ಕಡೆ ನಡೆಯುತ್ತದೆ. ಇಳಿಬಿಡುವ ಬಲೆಯನ್ನು ಸಾಮಾನ್ಯವಾಗಿ ಸಂಜೆ ಹಾಕಿ, ರಾತ್ರಿಯೆಲ್ಲ ಬಿಟ್ಟು, ನಸುಕಿನಲ್ಲಿ ಎತ್ತುತ್ತಾರೆ. ಮೀನು ಬಲೆಯಿಂದ ಬಿಡಿಸುವುದು, ತೂಗುವುದು, ಮಂಜುಗಡ್ಡೆ ಹಾಕುವುದು, ಮಾರುಕಟ್ಟೆಗೆ ಸಾಗಿಸುವುದು ಎಲ್ಲವೂ ಬೆಳಗಿನ ಕೆಲಸ. ಹೀಗಿರುವಾಗ ಸೂರ್ಯಾಸ್ತದ ಹೊತ್ತಿಗೆ ಆಕಾಶಕ್ಕೆ ಬಲೆ ಹರಡುವ ಚಿತ್ರ ಬಹುಪಾಲು ಕ್ಯಾಮೆರಾಕ್ಕಾಗಿಯೇ ಎಸೆಸಿದ ಬಲೆಯ ಚಿತ್ರ. ಬಲೆಯೊಳಗೆ ಮೀನಿದೆಯೋ ಇಲ್ಲವೋ ಯಾರಿಗೂ ಬೇಕಿಲ್ಲ, ವೃತ್ತಾಕಾರ ಚೆನ್ನಾಗಿ ಬಂದರಾಯಿತು. ಮೀನುಗಾರಿಕೆಯನ್ನು ಬಲ್ಲ ಓದುಗ ಇದನ್ನು ನೋಡಿದ ಕ್ಷಣವೇ ಗುರುತಿಸುತ್ತಾನೆ. ಪತ್ರಿಕೆಯ ಒಳಗೆ ಬಲೆಯ ಕಣ್ಣಿನ ಅಳತೆ, ಮೀನುಮರಿ ಬಿತ್ತನೆ, ಮಾರುಕಟ್ಟೆ ದರ ಇವುಗಳ ಬಗ್ಗೆ ನಿಖರವಾದ ಲೇಖನಗಳಿದ್ದು, ಹೊರಗಿನ ಹಾಳೆಯೇ ಕಸುಬಿನ ಹೊತ್ತನ್ನು ತಪ್ಪಾಗಿ ತೋರಿಸಿದರೆ ಆ ಓದುಗ ಒಳಗಿನದನ್ನು ನಂಬುವುದು ಹೇಗೆ? ನಿಜವಾದ ಕೆಲಸ ನಡೆಯುವ ಬೆಳಗಿನ ಹೊತ್ತಿಗೆ ಸೂರ್ಯ ಕೆಳಗಿರುತ್ತಾನೆ, ಬೆಳಕು ಓರೆಯಾಗಿ ಬೆಚ್ಚನೆಯ ಬಣ್ಣದಲ್ಲಿ ಬೀಳುತ್ತದೆ, ಗಾಳಿ ಕಡಿಮೆಯಿದ್ದು ನೀರು ಸ್ಥಿರವಾಗಿರುತ್ತದೆ. ನೀವು ಸೂರ್ಯನನ್ನು ಎದುರಿಗೆ ಇಟ್ಟುಕೊಳ್ಳುವ ಬದಲು ಬೆನ್ನಿಗೋ ಪಕ್ಕಕ್ಕೋ ಇಟ್ಟುಕೊಂಡು ಕುಳಿತರೆ ಅದೇ ಬೆಳಕು ಮೀನುಗಾರರ ಮುಖದ ಮೇಲೆ ಬೀಳುತ್ತದೆ. ಹರಿಗೋಲು ತಿರುಗಿಸಲು ಬೇಕಾಗುವುದು ಹುಟ್ಟಿನ ಎರಡು ಹೊಡೆತ, ಅಷ್ಟೇ.

ಬೆಳಕಿನ ಲೆಕ್ಕವನ್ನು ಇನ್ನಷ್ಟು ನೋಡೋಣ. ಹಿಡಕಲ್ ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮೊದಲ ವಾರದಲ್ಲಿ ನಡುಹಗಲಿನ ಸೂರ್ಯ ಇಲ್ಲಿ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಡಿಸೆಂಬರ್ ಕೊನೆಗೆ ಅದೇ ನಡುಹಗಲಲ್ಲಿ ಅವನ ಎತ್ತರ ಸುಮಾರು 50 ಡಿಗ್ರಿ ಮಾತ್ರ. ನಮ್ಮ ಭಾಗ ದೇಶದ ಪಶ್ಚಿಮಕ್ಕಿರುವುದರಿಂದ ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಸುಮಾರಿಗೆ ನಡುಹಗಲಾಗುತ್ತದೆ ಎಂಬುದೂ ನೆನಪಿರಲಿ. ಇದರಿಂದ ಎರಡು ಮಾತು ಹೊರಡುತ್ತವೆ. ಅಕ್ಟೋಬರಿನಿಂದ ಫೆಬ್ರುವರಿವರೆಗೆ ಬೆಳಿಗ್ಗೆ ಒಂಬತ್ತು ಗಂಟೆ ದಾಟಿದರೂ ಮುಖಚಿತ್ರಕ್ಕೆ ಒಗ್ಗುವ ಓರೆ ಬೆಳಕು ಉಳಿದಿರುತ್ತದೆ. ಬೇಸಿಗೆಯಲ್ಲಿ ಆ ಅವಕಾಶ ಬಹಳ ಬೇಗ ಮುಗಿಯುತ್ತದೆ. ಆದರೆ ನೀರು ಇಳಿದು ಮೀನು ಒಂದೆಡೆ ಸೇರಿ ಬಲೆಗೆ ಹೆಚ್ಚು ಸಿಗುವ ಕಾಲವೂ ಬೇಸಿಗೆಯೇ. ಆಗ ತಲೆಗೆ ಟವೆಲ್ಲೋ ಟೋಪಿಯೋ ಇರುತ್ತದೆ, ಅದರ ನೆರಳು ಕಣ್ಣನ್ನು ನುಂಗಿಬಿಡುತ್ತದೆ. ಹೊರದೇಶಗಳ ಮೀನುಗಾರಿಕೆ ಪತ್ರಿಕೆಗಳಿಗೆ ಚಿತ್ರ ತೆಗೆಯುವವರು ಹಗಲು ಹೊತ್ತಿನಲ್ಲೂ ಫ್ಲ್ಯಾಶ್ ಬಳಸುವುದು ಇದಕ್ಕಾಗಿ. ಬಿಸಿಲಿನ ಅಳತೆಗೆ ಕ್ಯಾಮೆರಾ ಹೊಂದಿಸಿ, ಐಎಸ್ಒ 100, ಶಟರ್ 1/200, ಅಪರ್ಚರ್ ಎಫ್11ರ ಆಸುಪಾಸಿನಲ್ಲಿಟ್ಟು, ಫ್ಲ್ಯಾಶಿನ ಬಲವನ್ನು ಒಂದರಿಂದ ಒಂದೂವರೆ ಸ್ಟಾಪ್ ತಗ್ಗಿಸಿದರೆ ಟೋಪಿಯ ಅಂಚಿನ ಕೆಳಗಿನ ನೆರಳು ತಿಳಿಯಾಗುತ್ತದೆ, ಫ್ಲ್ಯಾಶ್ ಹೊಡೆದದ್ದು ಗೊತ್ತೇ ಆಗುವುದಿಲ್ಲ. ಫ್ಲ್ಯಾಶ್ ಇಲ್ಲದಿದ್ದರೆ ಬಿಳಿ ಥರ್ಮಾಕೋಲ್ ಹಲಗೆ ಸಾಕು. ಲಗ್ನದ ಚಿತ್ರ ತೆಗೆಯುವ ನಿಮಗೆ ಇದಾವುದೂ ಹೊಸತಲ್ಲ. ಮದುಮಗಳ ಮುಖ ಕಪ್ಪಾಗಿ ಕಾಣುವ ಚಿತ್ರವನ್ನು ಆಲ್ಬಮ್ಮಿನ ಮೊದಲ ಪುಟಕ್ಕೆ ಹಾಕಿಕೊಟ್ಟರೆ ಬೀಗರು ಏನೆಂದಾರು ಎಂದು ನಿಮಗೆ ಚೆನ್ನಾಗಿ ಗೊತ್ತು. ಅದೇ ಕಾಳಜಿಯನ್ನು, ಅದೇ ಸಾಮಗ್ರಿಯನ್ನು ನೀರಿನ ದಂಡೆಗೂ ತನ್ನಿ.

‘ಕಪ್ಪು ಆಕೃತಿಯ ಚಿತ್ರಕ್ಕೆ ಒಂದು ಸೌಂದರ್ಯವಿದೆ, ಸ್ಪರ್ಧೆಗಳಲ್ಲಿ ಬಹುಮಾನ ಬರುತ್ತದೆ, ಅಂಗಡಿಯಲ್ಲಿ ಓದುಗನ ಕಣ್ಣು ಸೆಳೆಯುತ್ತದೆ’ ಎಂದು ನಿಮ್ಮಲ್ಲಿ ಕೆಲವರು ಹೇಳಬಹುದು. ಸೌಂದರ್ಯವಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಗೋಡೆಗೆ ತೂಗುಹಾಕುವ ಚಿತ್ರವಾಗಿ ಅದು ಸೊಗಸು. ಆದರೆ ಮುಖಪುಟದ ಕೆಲಸ ಬೇರೆ. ಈ ಸಂಚಿಕೆ ಯಾವ ನೀರಿನ, ಯಾವ ಜನರ, ಯಾವ ಹೊತ್ತಿನ ವಿಷಯ ಹೇಳುತ್ತದೆ ಎಂಬುದನ್ನು ಅದು ಎರಡು ಮೂರು ಅಡಿ ದೂರದಿಂದಲೇ ತಿಳಿಸಬೇಕು. ಸೂರ್ಯಾಸ್ತದ ಕಪ್ಪು ಆಕೃತಿಯನ್ನು ಹಿಡಕಲ್‌ನಲ್ಲಿ ತೆಗೆದರೂ ಒಂದೇ, ತುಂಗಭದ್ರೆಯಲ್ಲಿ ತೆಗೆದರೂ ಒಂದೇ, ಇನ್ನಾವುದೋ ದೇಶದ ಸರೋವರದಲ್ಲಿ ತೆಗೆದರೂ ಒಂದೇ. ಊರನ್ನು ಹೇಳುವ ಬಣ್ಣ, ಉಡುಪು, ದಂಡೆಯ ಮಣ್ಣು, ಹಿಂದಿನ ಗುಡ್ಡ ಎಲ್ಲವೂ ಅದರಲ್ಲಿ ಕಪ್ಪಿನೊಳಗೆ ಹೋಗಿರುತ್ತವೆ. ನಿಮ್ಮದೇ ಇನ್ನೊಂದು ಅಭ್ಯಾಸವನ್ನು ಇದರ ಪಕ್ಕಕ್ಕಿಟ್ಟು ನೋಡಿ. ಚಳಿಗಾಲದಲ್ಲಿ ಧೂಪದಾಳದ ಘಟಪ್ರಭಾ ಪಕ್ಷಿಧಾಮಕ್ಕೆ ಡೆಮೊಯ್ಸೆಲ್ ಕ್ರೇನ್‌ಗಳು ಬಂದಾಗ ನೀವು ಹಕ್ಕಿಯ ಕಣ್ಣಿಗೇ ಫೋಕಸ್ ಮಾಡುತ್ತೀರಿ. ಕಣ್ಣಿನಲ್ಲಿ ಬೆಳಕಿನ ಹೊಳಪು ಬಾರದಿದ್ದರೆ ಆ ಚಿತ್ರವನ್ನು ನೀವೇ ಅಳಿಸಿ ಹಾಕುತ್ತೀರಿ, ಕಿರಿಯರಿಗೂ ಅದನ್ನೇ ಕಲಿಸುತ್ತೀರಿ. ದೂರದಿಂದ ಬಂದ ಹಕ್ಕಿಗೆ ಅನ್ವಯಿಸುವ ನಿಯಮ ಪಕ್ಕದೂರಿನ ಮೀನುಗಾರನಿಗೆ ಯಾಕೆ ಅನ್ವಯಿಸುವುದಿಲ್ಲ? ಈ ಪ್ರಶ್ನೆಗೆ ಸೌಂದರ್ಯಶಾಸ್ತ್ರದ ಉತ್ತರವಿದೆ ಎಂದು ನನಗೆ ಅನ್ನಿಸುವುದಿಲ್ಲ. ಹಾಗೆ ತೆಗೆಯುವುದು ರೂಢಿಯಾಗಿದೆ, ಅದನ್ನು ಬದಲಿಸಬಹುದು.

ಇನ್ನು ಎರಡನೆಯ ಬಗೆಯ ಚಿತ್ರ, ಅಂದರೆ ಮೀನು ಚಾಚಿ ಹಿಡಿಯುವ ಭಂಗಿ. ಇದರ ಹಿಂದೆ ಮಸೂರದ ಒಂದು ಸರಳ ಗಣಿತವಿದೆ. ಕ್ಯಾಮೆರಾದಿಂದ ಮುಖ 100 ಸೆಂಟಿಮೀಟರ್ ದೂರದಲ್ಲಿದ್ದು, ಚಾಚಿದ ಕೈಯಲ್ಲಿನ ಮೀನು 40 ಸೆಂಟಿಮೀಟರ್ ದೂರದಲ್ಲಿದ್ದರೆ, ಮುಖಕ್ಕೆ ಹೋಲಿಸಿದಾಗ ಮೀನು ಇದ್ದುದಕ್ಕಿಂತ ಎರಡೂವರೆ ಪಟ್ಟು ದೊಡ್ಡದಾಗಿ ಕಾಣುತ್ತದೆ. ಅದೇ ಭಂಗಿಯನ್ನು ಮೂರು ಮೀಟರ್ ದೂರದಿಂದ ತೆಗೆದರೆ ಹೆಚ್ಚಳ ಒಂದೂಕಾಲು ಪಟ್ಟಿಗೆ ಇಳಿಯುತ್ತದೆ. ಎರಡು ಕಿಲೋದ ಮೀನನ್ನು ಐದು ಕಿಲೋ ಎನ್ನುವಂತೆ ತೋರಿಸುವ ಈ ಚಾಳಿ ಹವ್ಯಾಸಿ ಮೀನು ಬೇಟೆಯ ಲೋಕದಿಂದ ಬಂದದ್ದು. ಅಲ್ಲಿ ಒಬ್ಬ ಮನುಷ್ಯ, ಒಂದು ಗಾಳ, ಒಂದು ಮೀನು. ಗೆಲುವೇ ಅಲ್ಲಿಯ ಕತೆ. ಕರ್ನಾಟಕಕ್ಕೂ ಆ ಪರಂಪರೆ ಇದೆ. ಮೈಸೂರಿನ ಜೆ. ಡಿ ವೆಟ್ ವ್ಯಾನ್ ಇಂಗನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡ್ ತೂಕದ ಮಹಶೀರ್ ಗಾಳದವರ ದಾಖಲೆಗಳಲ್ಲಿ ಇಂದಿಗೂ ಪ್ರಸಿದ್ಧ. ಆದರೆ ಕಾವೇರಿ ಕೊಳ್ಳದ ಆ ಡುಬ್ಬದ ಮಹಶೀರ್ 2018ರಲ್ಲಿ ಐಯುಸಿಎನ್ ಪಟ್ಟಿಯಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಸಾಲಿಗೆ ಸೇರಿತು. ಹಿಡಿದು ಬಿಡುವ ಬೇಟೆಯಲ್ಲೂ ಒಳ್ಳೆಯ ಛಾಯಾಗ್ರಾಹಕರು ಇಂದು ಮೀನನ್ನು ಕಿವಿರಿಗೆ ಬೆರಳು ಹಾಕಿ ನೇತಾಡಿಸುವುದಿಲ್ಲ. ಒದ್ದೆ ಕೈಯಲ್ಲಿ, ಅಡ್ಡಲಾಗಿ, ನೀರಿನ ಮಟ್ಟದಲ್ಲೇ ಹಿಡಿಸಿ, ಕೆಲವೇ ಸೆಕೆಂಡಿನಲ್ಲಿ ಚಿತ್ರ ಮುಗಿಸುತ್ತಾರೆ. ನೀರಿನಿಂದ ಹೊರಬಂದ ಕೂಡಲೇ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿ ಉಸಿರು ನಿಲ್ಲುವುದೂ, ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಹೋಗಿ ಸೋಂಕು ತಗಲುವುದೂ ಇದಕ್ಕೆ ಕಾರಣ. ಹೀಗೆ, ಆ ಭಂಗಿ ಹುಟ್ಟಿದ ಲೋಕವೇ ಅದನ್ನು ತಿದ್ದಿಕೊಳ್ಳುತ್ತಿದೆ.

ಅದಕ್ಕಿಂತ ದೊಡ್ಡ ಮಾತೆಂದರೆ, ಹಿಡಕಲ್‌ನ ಮೀನಿಗೆ ಆ ಗೆಲುವಿನ ಕತೆ ಹೊಂದುವುದೇ ಇಲ್ಲ. ಇಲ್ಲಿಯ ಬಲೆಗೆ ಬೀಳುವ ಕಾಟ್ಲಾ, ರೋಹು, ಮೃಗಾಲ್ ಮೂಲತಃ ಘಟಪ್ರಭೆಯ ಮೀನುಗಳಲ್ಲ, ಗಂಗಾ ಬಯಲಿನ ನದಿಗಳವು. ಒಡಿಶಾದ ಕಟಕ್‌ನಲ್ಲಿ 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುನ್ಹಿ ಪಿಟ್ಯೂಟರಿ ಗ್ರಂಥಿಯ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟು ಈ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸುವಲ್ಲಿ ಯಶಸ್ವಿಯಾದರು. ಅದರ ನೆನಪಿಗೇ ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸುತ್ತೇವೆ. ಆ ಬಳಿಕವೇ ಮೀನುಮರಿಗಳನ್ನು ಕೊಳಗಳಲ್ಲಿ ಬೇಕಾದಷ್ಟು ಬೆಳೆಸಿ ದಕ್ಷಿಣದ ಜಲಾಶಯಗಳಿಗೆ ಬಿಡುವುದು ಸಾಧ್ಯವಾಯಿತು. ಅಂದರೆ ಹಿಡಕಲ್‌ನ ಒಂದು ಕಾಟ್ಲಾದ ಹಿಂದೆ ವಿಜ್ಞಾನಿಗಳ ಪ್ರಯೋಗ, ಮರಿ ಸಾಕಿದವರ ಶ್ರಮ, ಮರಿ ಬಿತ್ತನೆ, ಸಹಕಾರ ಸಂಘ, ಪರವಾನಗಿ, ಬಲೆ ಹೆಣೆದವರು, ನಸುಕಿನಲ್ಲಿ ಎದ್ದು ಹರಿಗೋಲು ನೂಕಿದವರು ಇಷ್ಟೆಲ್ಲ ಇದೆ. ಆ ಮೀನನ್ನು ಒಬ್ಬನ ಕೈಯಲ್ಲಿ ಚಾಚಿಸಿ, ಹಿನ್ನೆಲೆಯನ್ನು ಪೂರ್ತಿ ಮಸುಕು ಮಾಡಿದರೆ ಈ ಸರಪಳಿಯೆಲ್ಲ ಕಣ್ಮರೆಯಾಗುತ್ತದೆ. ಬದಲಿಗೆ ಇಬ್ಬರು ಎದುರುಬದುರು ಕುಳಿತು ಬಲೆಯಿಂದ ಮೀನು ಬಿಡಿಸುತ್ತಿರುವ ಚಿತ್ರ ತೆಗೆಯಿರಿ. ಒಬ್ಬರ ಮುಖ, ಇನ್ನೊಬ್ಬರ ಕೈ, ನಡುವೆ ಬಲೆಯ ಎಳೆಗಳಲ್ಲಿ ಹೊಳೆಯುವ ಮೀನು. ಚಿತ್ರ ಸುಂದರವಾಗುತ್ತದೆ, ಕಸುಬು ಪೂರ್ತಿ ಕಾಣುತ್ತದೆ. ಬ್ರೆಜಿಲ್‌ನ ಸೆಬಾಸ್ಟಿಯೊ ಸಲ್ಗಾಡೊ 1993ರ ತಮ್ಮ ಕಾರ್ಮಿಕರ ಚಿತ್ರಸಂಪುಟದಲ್ಲಿ ಸಿಸಿಲಿಯ ಟ್ಯೂನಾ ಮೀನುಗಾರರನ್ನು ತೋರಿಸಿದ್ದು ದುಡಿಯುವವರಾಗಿಯೇ. ಜಗತ್ತು ಆ ಚಿತ್ರಗಳನ್ನು ದೊಡ್ಡ ಕಲೆ ಎಂದೇ ಒಪ್ಪಿಕೊಂಡಿದೆ.

ಚೌಕಟ್ಟಿನ ವಿಷಯಕ್ಕೆ ಬರೋಣ. ಮುಖಪುಟ ನಿಂತ ಚೌಕಟ್ಟು. ಮೇಲಿನ ಐದನೇ ಒಂದು ಭಾಗ ಪತ್ರಿಕೆಯ ಹೆಸರಿಗೆ, ಒಂದು ಬದಿ ಲೇಖನಗಳ ಶೀರ್ಷಿಕೆಗಳಿಗೆ ಬೇಕು. ಹಿಡಕಲ್‌ನ ಹಿನ್ನೀರು ವಿಶಾಲವಾಗಿರುವುದರಿಂದ ಕೈ ತಾನಾಗಿಯೇ ಕ್ಯಾಮೆರಾವನ್ನು ಅಡ್ಡ ಹಿಡಿಯುತ್ತದೆ. ‘ಅಡ್ಡ ತೆಗೆದು ಆಮೇಲೆ ಕತ್ತರಿಸಿದರಾಯಿತು’ ಎಂಬ ಮಾತು ಸಾಮಾನ್ಯ. ಲೆಕ್ಕ ಹಾಕಿ ನೋಡಿ. ಎ4 ಅಳತೆಯ ಮುಖಪುಟಕ್ಕೆ ಸುತ್ತಲೂ ಮೂರು ಮಿಲಿಮೀಟರ್ ಕತ್ತರಿಸುವ ಅಂಚು ಸೇರಿಸಿ, ಇಂಚಿಗೆ 300 ಚುಕ್ಕೆಯಂತೆ ಮುದ್ರಿಸಲು ಸುಮಾರು 2550 × 3580 ಪಿಕ್ಸೆಲ್ ಬೇಕು. 12 ಮೆಗಾಪಿಕ್ಸೆಲ್‌ನ ಮೊಬೈಲ್ ಚಿತ್ರ 4000 × 3000 ಪಿಕ್ಸೆಲ್ ಇರುತ್ತದೆ. ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದರೆ ಆ ಚಿತ್ರ ಮುಖಪುಟಕ್ಕೆ ಸಾಲುತ್ತದೆ. ಅಡ್ಡ ಹಿಡಿದು ತೆಗೆದು ಕತ್ತರಿಸಿದರೆ ಎತ್ತರ 3000ಕ್ಕೇ ನಿಲ್ಲುತ್ತದೆ, ಸಾಲುವುದಿಲ್ಲ. 24 ಮೆಗಾಪಿಕ್ಸೆಲ್‌ನ ಕ್ಯಾಮೆರಾದಲ್ಲಿ ಅಡ್ಡ ಚಿತ್ರವೂ ಹೇಗೋ ಸಾಲುತ್ತದೆ, ಆದರೆ ಅರ್ಧಕ್ಕಿಂತ ಹೆಚ್ಚು ಚಿತ್ರವನ್ನು ಬಿಸಾಡಬೇಕಾಗುತ್ತದೆ. ಹರಿಗೋಲೋ ಮೀನೋ ಯಾವುದೋ ಒಂದು ಹೊರಗುಳಿಯುತ್ತದೆ. ಅದೇ ಕ್ಯಾಮೆರಾದಲ್ಲಿ ನೆಟ್ಟಗೆ ತೆಗೆದ ಚಿತ್ರದಲ್ಲೂ ಮೇಲೆ ಕೆಳಗೆ ಸೇರಿ ಸುಮಾರು ಶೇ 6ರಷ್ಟು ಕತ್ತರಿಸಿ ಹೋಗುತ್ತದೆ, ಹಾಗಾಗಿ ತಲೆಯ ಮೇಲೆ ಜಾಗ ಬಿಟ್ಟೇ ತೆಗೆಯಿರಿ. ಆ ಜಾಗಕ್ಕೆ ಬರೀ ಬಿಳಿ ಆಕಾಶ ಬಾರದಂತೆ ನೋಡಿಕೊಳ್ಳಿ. ಹರಿಗೋಲಿನ ಅಂಚಿನ ಮಟ್ಟಕ್ಕೆ ಬಾಗಿ ತೆಗೆದರೆ ಮನುಷ್ಯನ ತಲೆ ಗುಡ್ಡದ ಸಾಲಿಗಿಂತ ಮೇಲೆ ಹೋಗುತ್ತದೆ. ಸ್ವಲ್ಪ ಎದ್ದು ನಿಂತರೆ ಅವನ ಹಿಂದೆ ನೀರು ಮಾತ್ರ ಬಂದು ಅಕ್ಷರ ಕೂರಿಸಲು ಶಾಂತವಾದ ಹಿನ್ನೆಲೆ ಸಿಗುತ್ತದೆ. ನೀರಿನ ಹೊಳಪು ಹೆಚ್ಚಾದರೆ ಪೋಲರೈಜರ್ ಹಾಕಿ. ಅದು ಒಂದೂವರೆಯಿಂದ ಎರಡು ಸ್ಟಾಪ್ ಬೆಳಕನ್ನು ನುಂಗುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ.

ಮೀನನ್ನು ತೋರಿಸುವುದಕ್ಕೂ ತಿಳಿವಳಿಕೆ ಬೇಕು. ಹೊಸ ಮೀನಿನ ಕಣ್ಣು ಉಬ್ಬಿ ತಿಳಿಯಾಗಿರುತ್ತದೆ, ಕಿವಿರು ಕೆಂಪಾಗಿರುತ್ತದೆ, ಹುರುಪೆ ಒದ್ದೆಯಾಗಿ ಹೊಳೆಯುತ್ತದೆ. ಬಿಸಿಲಿಗಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಕಣ್ಣು ಮಂಕಾಗಿ ಕಿವಿರು ಕಂದುತ್ತದೆ. ಸಂತೆಯಲ್ಲಿ ಕೊಳ್ಳುವವರು ನೋಡುವುದೂ ಇವೇ ಗುರುತುಗಳನ್ನು. ಇದೆಲ್ಲವನ್ನೂ ಬಲ್ಲ ಓದುಗರ ಕೈಗೆ ಹೋಗುವ ಪತ್ರಿಕೆಯ ಮೇಲೆ ಮಂಕುಗಣ್ಣಿನ ಮೀನು ಇದ್ದರೆ, ಛಾಯಾಗ್ರಾಹಕ ತಡವಾಗಿ ಬಂದು ಮಧ್ಯಾಹ್ನದ ಮೀನನ್ನು ಬೆಳಗಿನದೆಂದು ತೋರಿಸಿದ್ದಾನೆ ಎಂದು ಅವರಿಗೆ ತಿಳಿದುಹೋಗುತ್ತದೆ. ಜಾತಿಯನ್ನೂ ಸರಿಯಾಗಿ ಹೆಸರಿಸಿ. ಬಾಯಿ ಮೇಲ್ಮುಖವಾಗಿದ್ದು ತಲೆ ದೊಡ್ಡದಾಗಿದ್ದರೆ ಕಾಟ್ಲಾ, ಅದು ಮೇಲ್ಮಟ್ಟದಲ್ಲಿ ಮೇಯುವ ಮೀನು. ಮೈಗೆ ಕೆಂಪು ಛಾಯೆಯಿರುವ ರೋಹು ನಡುನೀರಿನದು, ಬೆಳ್ಳಗೆ ನೀಳವಾಗಿರುವ ಮೃಗಾಲ್ ತಳದ್ದು. 1952ರಲ್ಲಿ ದೇಶಕ್ಕೆ ಬಂದ ತಿಲಾಪಿಯಾವನ್ನೋ, ಸಾಕಣೆಗೆ ನಿಷೇಧವಿರುವ ಆಫ್ರಿಕನ್ ಕ್ಯಾಟ್‌ಫಿಶ್ ಅನ್ನೋ ಜವಾರಿ ಮೀನು ಎಂದು ಬರೆದು ಕಳಿಸಿದರೆ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಅದು ತಪ್ಪು ಸುದ್ದಿ. ಗೊತ್ತಿಲ್ಲದಿದ್ದರೆ ಬಲೆ ಎತ್ತಿದವರನ್ನೇ ಕೇಳಿ ಬರೆದುಕೊಳ್ಳಿ. ಅವರ ಬಾಯಲ್ಲಿ ಬರುವ ಹೆಸರನ್ನೂ ಜೊತೆಗೆ ಕೊಡಿ.

‘ಮುಖಕ್ಕೆ ಫ್ಲ್ಯಾಶ್ ಹೊಡೆಯುವುದು, ಹರಿಗೋಲು ತಿರುಗಿಸಿ ಎನ್ನುವುದು, ಇದೂ ನಾಟಕವೇ ಅಲ್ಲವೇ? ಸಂಜೆಯ ಬಲೆಯನ್ನು ಆಕ್ಷೇಪಿಸುವ ನೀವು ಬೆಳಗಿನ ಏರ್ಪಾಟನ್ನು ಹೇಗೆ ಒಪ್ಪುತ್ತೀರಿ?’ ಎಂಬ ಪ್ರಶ್ನೆ ನ್ಯಾಯವಾದದ್ದು. ನನ್ನ ಉತ್ತರ ಹೀಗಿದೆ. ನಡೆಯುತ್ತಿರುವ ಕೆಲಸ ಸರಿಯಾಗಿ ಕಾಣುವಂತೆ ಬೆಳಕನ್ನೋ ದಿಕ್ಕನ್ನೋ ಹೊಂದಿಸುವುದು ಬೇರೆ, ನಡೆಯದ ಕೆಲಸವನ್ನು ನಡೆಯುತ್ತಿದೆ ಎಂದು ತೋರಿಸುವುದು ಬೇರೆ. ಬಲೆ ಎತ್ತುವವನು ನಿಮಗಾಗಿ ಎತ್ತುತ್ತಿಲ್ಲ, ನೀವು ಇಲ್ಲದಿದ್ದರೂ ಎತ್ತುತ್ತಿದ್ದ. ನೀವು ಅವನ ಮುಖದ ಮೇಲಿನ ನೆರಳನ್ನು ಮಾತ್ರ ತೆಗೆದಿದ್ದೀರಿ. ಬರಿಯ ನೀರಿಗೆ ಹತ್ತು ಸಲ ಬೀಸುಬಲೆ ಎಸೆಸಿದಾಗ ಕೆಲಸವನ್ನೇ ಕಲ್ಪಿಸಿದ್ದೀರಿ, ಜೊತೆಗೆ ದಿನದ ದುಡಿಮೆ ಮುಗಿಸಿದವನ ತೋಳನ್ನು ಮತ್ತೆ ದಣಿಸಿದ್ದೀರಿ. ಒಂದು ಸುಲಭ ಪರೀಕ್ಷೆ ಹೇಳುತ್ತೇನೆ. ಚಿತ್ರವನ್ನು ಅದರಲ್ಲಿರುವವರಿಗೇ ತೋರಿಸಿ. ‘ನಾವು ಹೀಗೇ ಮಾಡುತ್ತೇವೆ’ ಎಂದು ಅವರು ತಲೆಯಾಡಿಸಿದರೆ ನಿಮ್ಮ ಏರ್ಪಾಟು ಮಿತಿಯೊಳಗಿದೆ. ‘ಹೀಗೆ ಯಾರೂ ಮಾಡುವುದಿಲ್ಲ’ ಎಂದರೆ ಆ ಚಿತ್ರ ಮುಖಪುಟಕ್ಕೆ ಹೋಗಬಾರದು.

ಕಪ್ಪು ಆಕೃತಿಯೇ ಗೌರವ, ಏಕೆಂದರೆ ಬಡವರ ಮುಖವನ್ನು ಸರಕು ಮಾಡುವುದು ಅದರಲ್ಲಿ ತಪ್ಪುತ್ತದೆ ಎನ್ನುವವರೂ ಇದ್ದಾರೆ. ಇದರಲ್ಲಿ ಸತ್ಯವಿದೆ, ಆದ್ದರಿಂದ ಇದಕ್ಕೆ ಹೆಚ್ಚು ಎಚ್ಚರದಿಂದ ಉತ್ತರಿಸಬೇಕು. ಒಪ್ಪಿಗೆಯಿಲ್ಲದೆ ತೆಗೆದ ಮುಖಚಿತ್ರಕ್ಕಿಂತ ಮುಖವಿಲ್ಲದ ಚಿತ್ರ ಮೇಲು, ಅದನ್ನು ಒಪ್ಪುತ್ತೇನೆ. ಆದರೆ ಇದಕ್ಕೆ ಪರಿಹಾರ ಒಪ್ಪಿಗೆ ಕೇಳುವುದೇ ಹೊರತು ಮುಖ ಅಳಿಸುವುದಲ್ಲ. ಚಿತ್ರ ಎಲ್ಲಿಗೆ ಹೋಗುತ್ತದೆ, ಯಾರು ನೋಡುತ್ತಾರೆ, ನಿಮಗೆ ಹಣ ಬರುತ್ತದೆಯೇ ಎಂಬುದನ್ನು ಕನ್ನಡದಲ್ಲೇ, ಅವರಿಗೆ ತಿಳಿಯುವಂತೆ ಹೇಳಿ. ಹಣ ಬಂದರೆ ಪಾಲು ಕೊಡಿ. ಹೆಸರು ಹಾಕಬಹುದೇ ಎಂದು ಕೇಳಿ, ಒಪ್ಪಿದರೆ ಸರಿಯಾದ ಕಾಗುಣಿತದಲ್ಲಿ ಹಾಕಿಸಿ. ಅಚ್ಚಾದ ಪ್ರತಿಯನ್ನು ತಲುಪಿಸಿ. ಬೇಡ ಎಂದವರ ಚಿತ್ರವನ್ನು ಅವರ ಎದುರಿಗೇ ಅಳಿಸಿ. ಇಷ್ಟು ಮಾಡುವಾಗ ಮುಖ ಸರಕಾಗುವುದಿಲ್ಲ. ಆ ಮನುಷ್ಯ ತನ್ನ ಕಸುಬಿನ ಪರವಾಗಿ ತಾನೇ ಓದುಗರ ಮುಂದೆ ನಿಂತಂತಾಗುತ್ತದೆ. ಶಾಸಕರ, ಅಧಿಕಾರಿಗಳ, ಉದ್ಯಮಿಗಳ ಮುಖಗಳನ್ನು ಹೆಸರಿನೊಡನೆ ಅಚ್ಚು ಮಾಡುವಾಗ ಯಾರೂ ಕಪ್ಪು ಆಕೃತಿಯ ಗೌರವದ ಮಾತು ಎತ್ತುವುದಿಲ್ಲ ಎಂಬುದನ್ನೂ ಗಮನಿಸಿ.

ಮುಖಪುಟಕ್ಕೆ ಇನ್ನೊಂದು ಹೊಣೆಯಿದೆ. ಓದುಗರು ಅದನ್ನು ಮಾದರಿಯೆಂದು ಸ್ವೀಕರಿಸುತ್ತಾರೆ. ಹರಿಗೋಲಿನಲ್ಲಿ ಲೈಫ್ ಜಾಕೆಟ್ ಹಾಕಿದವರ ಚಿತ್ರ ಅಂದಗೆಡುತ್ತದೆ ಎಂದು ಅದನ್ನು ತೆಗೆಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಿತ್ತಳೆ ಬಣ್ಣದ ಆ ಜಾಕೆಟ್ ನೀಲಿ ಹಸಿರು ನೀರಿನ ಎದುರು ಚಿತ್ರಕ್ಕೆ ಬಣ್ಣವನ್ನೇ ತರುತ್ತದೆ, ಮತ್ತು ನೋಡಿದ ಹತ್ತು ಜನರಲ್ಲಿ ಒಬ್ಬರಿಗಾದರೂ ಅದು ಬೇಕೆನ್ನಿಸಿದರೆ ಮುಖಪುಟ ಜೀವ ಉಳಿಸಿದ ಹಾಗೆ. ನೀವೂ ಹಾಕಿಕೊಂಡೇ ಕೂರಿ. ಮುಂಗಾರಿನಲ್ಲಿ ಹೊಸ ನೀರು ಬಂದಾಗ ಮೀನುಗಳು ಮೊಟ್ಟೆ ಇಡುವ ಕಾಲ. ಆಗ ಮೊಟ್ಟೆ ತುಂಬಿದ ಮೀನುಗಳನ್ನು ರಾಶಿ ಹಾಕಿಸಿ ತೆಗೆದ ಚಿತ್ರ ಎಷ್ಟೇ ಆಕರ್ಷಕವಾಗಿದ್ದರೂ ತಪ್ಪು ಪಾಠ ಹೇಳುತ್ತದೆ. ಆ ತಿಂಗಳುಗಳಲ್ಲಿ ದಂಡೆಯ ಮೇಲೆ ಬಲೆ ಸರಿಪಡಿಸುವವರನ್ನು, ಹರಿಗೋಲು ದುರಸ್ತಿ ಮಾಡುವವರನ್ನು, ಮರಿ ಬಿತ್ತನೆಯನ್ನು ತೆಗೆಯಿರಿ. ಮೋಡದ ಮೃದು ಬೆಳಕು ಮುಖಕ್ಕೆ ಆಗ ಫ್ಲ್ಯಾಶಿನ ಹಂಗೂ ಇಲ್ಲದಂತೆ ಮಾಡುತ್ತದೆ. ಸಂತೆಯಲ್ಲಿ ಮೀನು ಮಾರುವ ಹೆಣ್ಣುಮಕ್ಕಳನ್ನೂ ಮರೆಯಬೇಡಿ. ಮೀನು ಹಣವಾಗುವುದು ಅವರ ತಕ್ಕಡಿಯಲ್ಲಿ, ಆದರೂ ಮೀನುಗಾರಿಕೆ ಎಂದೊಡನೆ ಗಂಡಸಿನ ಕೈಯ ಬಲೆಯೊಂದೇ ನೆನಪಾಗುವಂತೆ ಮಾಡಿದ್ದು ನಮ್ಮ ಚಿತ್ರಗಳೇ.

ಕೊನೆಯ ಆಕ್ಷೇಪ ಈ ಕಾಲದ್ದು. ‘ಕಂಪ್ಯೂಟರ್ ಈಗ ಬೇಕಾದ ಮೀನುಗಾರನನ್ನು, ಬೇಕಾದ ಬೆಳಕಿನಲ್ಲಿ ಬರೆದುಕೊಡುತ್ತದೆ, ನಸುಕಿನಲ್ಲಿ ಎದ್ದು ಹೋಗುವ ಕಷ್ಟ ಯಾಕೆ?’ ಎಂದು ಸಂಪಾದಕರೂ ಕೇಳತೊಡಗಿದ್ದಾರೆ. ಯಂತ್ರ ಬರೆದ ಚಿತ್ರ ಎಷ್ಟೇ ನುಣುಪಾಗಿದ್ದರೂ ಅದರಲ್ಲಿರುವವನು ಯಾವ ಸಂಘದ ಸದಸ್ಯನೂ ಅಲ್ಲ, ಯಾವ ಜಲಾಶಯದಲ್ಲೂ ಬಲೆ ಹಾಕಿದವನಲ್ಲ. ಅವನ ಕೈಯ ಮೀನನ್ನು ಯಾರೂ ತೂಗಿಲ್ಲ. ಪತ್ರಿಕೆ ತನ್ನ ಓದುಗರಿಗೆ ‘ನಿಮ್ಮ ವಿಷಯ ಬರೆಯುತ್ತಿದ್ದೇವೆ’ ಎಂದು ಹೇಳುವ ಮೊದಲ ಜಾಗದಲ್ಲೇ ಇಲ್ಲದ ಮನುಷ್ಯನನ್ನು ಕೂರಿಸುವುದು ಆ ಓದುಗರನ್ನು ಲೆಕ್ಕಕ್ಕೆ ಇಡದ ಹಾಗೆ. ಯಂತ್ರದ ಚಿತ್ರ ಕಲಿತದ್ದೂ ಹಳೆಯ ಚಿತ್ರಗಳಿಂದಲೇ, ಆದ್ದರಿಂದ ಅದು ಕೊಡುವುದೂ ಮತ್ತೆ ಅದೇ ಸೂರ್ಯಾಸ್ತವನ್ನು, ಅದೇ ಕಪ್ಪು ಆಕೃತಿಯನ್ನು. ಇದರಿಂದ ಹೊರಬರಲು ನಿಮ್ಮ ಕ್ಯಾಮೆರಾವೇ ಬೇಕು.

ಹಾಗಾಗಿ ನಿಮ್ಮಲ್ಲಿ ನನ್ನ ಕೋರಿಕೆ ಮೂರು. ಮೊದಲನೆಯದಾಗಿ, ಬರುವ ಚಳಿಗಾಲದಲ್ಲಿ ಹಿಡಕಲ್‌ನ ಬೆಳಗಿನ ಕೆಲಸವನ್ನು, ಒಪ್ಪಿಗೆ ಪಡೆದು, ಮುಖ ಕಾಣುವಂತೆ, ನಿಂತ ಚೌಕಟ್ಟಿನಲ್ಲಿ ತೆಗೆಯಿರಿ. ಮೀನಿನ ಹೆಸರು, ಬಲೆಯ ಬಗೆ, ತಿಂಗಳು, ಜಾಗ ಇವುಗಳನ್ನು ಚಿತ್ರದ ಜೊತೆಗೇ ಬರೆದಿಡಿ. ಎರಡನೆಯದಾಗಿ, ಗೋಕಾಕ, ಮೂಡಲಗಿ, ಹುಕ್ಕೇರಿಯ ಸ್ಟುಡಿಯೋದವರೆಲ್ಲ ಸೇರಿ ಆ ಚಿತ್ರಗಳ ಒಂದು ಸಾಮಾನ್ಯ ಸಂಗ್ರಹ ಮಾಡಿ, ಕನ್ನಡದ ಕೃಷಿ ಮತ್ತು ಮೀನುಗಾರಿಕೆ ಪ್ರಕಟಣೆಗಳ ಸಂಪಾದಕರಿಗೆ ಕಳಿಸಿ. ಒಳ್ಳೆಯ ಚಿತ್ರ ಕೈಗೆ ಸಿಕ್ಕರೆ ಅವರು ಹಳೆಯದಕ್ಕೆ ಮರಳುವ ಅಗತ್ಯವಿರುವುದಿಲ್ಲ. ಮೂರನೆಯದಾಗಿ, ಮೀನುಗಾರರ ಮಕ್ಕಳಿಗೆ ಕ್ಯಾಮೆರಾ ಕಲಿಸಿ. 1988ರಲ್ಲಿ ಪುತ್ತೂರಿನಲ್ಲಿ ಶುರುವಾದ ಅಡಿಕೆ ಪತ್ರಿಕೆ ರೈತರ ಕೈಗೇ ಲೇಖನಿ ಕೊಟ್ಟಿತು, ಆಗ ಕೃಷಿಯ ಕುರಿತ ಕನ್ನಡ ಬರವಣಿಗೆಯ ರೀತಿಯೇ ಬದಲಾಯಿತು. ಮೊಬೈಲ್ ನೆಟ್ಟಗೆ ಹಿಡಿದರೆ ಮುಖಪುಟಕ್ಕೆ ಸಾಲುವ ಚಿತ್ರ ಬರುತ್ತದೆ ಎಂಬ ಮೇಲಿನ ಲೆಕ್ಕ ಅವರಿಗೂ ಅನ್ವಯಿಸುತ್ತದೆ. ಹರಿಗೋಲಿನ ಒಳಗಿನಿಂದ, ಬಲೆಯ ಇನ್ನೊಂದು ತುದಿ ಹಿಡಿದವರೇ ತೆಗೆಯುವ ಚಿತ್ರ ನಾವ್ಯಾರೂ ದಂಡೆಯಿಂದ ತೆಗೆಯಲಾರದಂಥದ್ದು. ಅದು ಬರುವವರೆಗೆ ಆ ಕೆಲಸದ ಹೊಣೆ ನಿಮ್ಮದು, ಮತ್ತು ಅದನ್ನು ಮಾಡುವ ಕೈಚಳಕ ನಿಮ್ಮಲ್ಲಿ ಈಗಾಗಲೇ ಇದೆ ಎಂಬ ಪೂರ್ಣ ನಂಬಿಕೆಯಿಂದಲೇ ಇಷ್ಟು ಉದ್ದದ ಪತ್ರ ಬರೆದಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಘಟಪ್ರಭೆಯ ಸೀಮೆಯ ಒಬ್ಬ ಓದುಗ